ಮೂರು ಗೋಳಿಬಜೆಯ ಪ್ರೋಟೀನು

ಕಲಬುರಗಿ ಬಿಟ್ಟು ಮಗಳ ಜೊತೆ ಮಂಗಳೂರಿಗೆ ಬಂದ ಮೇಲೆ, ನಾನು ತೆಪ್ಪಗೆ ಕೂತಿದ್ದರೂ ಯಾರಾದರೊಬ್ಬರು ಒಂದಲ್ಲ ಒಂದು ಕೆಲಸಕ್ಕೆ ಹಚ್ಚುತ್ತಲೇ ಇರುತ್ತಾರೆ. ಈ ಸಲ ಹಚ್ಚಿದವಳು ಶಕ್ತಿನಗರದ ನಮ್ಮ ಫ್ಲ್ಯಾಟಿನ ಎದುರುಮನೆಯ ಕೊಂಕಣಿ ಹುಡುಗಿ. ಜೀವಕೋಶದ ಪ್ರೋಟೀನುಗಳ ಮೇಲೆ ಐದು ವರ್ಷ ಪಿಎಚ್‌ಡಿ ಕೆಲಸ ಮಾಡಿದ್ದಳು. ಸೋಮವಾರ ಮೌಖಿಕ ಪರೀಕ್ಷೆ. ಗೈಡು, "ನಿನ್ನ ಮಾತು ನನಗೇ ತಿಳಿಯುವುದಿಲ್ಲ. ಮೊದಲು ಯಾರಾದರೊಬ್ಬ ಅಜ್ಜಿಗೆ ಅರ್ಥ ಮಾಡಿಸಿ ಬಾ" ಎಂದಿದ್ದರಂತೆ. ಹತ್ತಿರದಲ್ಲಿ ಸಿಕ್ಕ ಅಜ್ಜಿ ನಾನು.

೧. ಎಡಗೈ ಮೇಲೆ

"ಅಜ್ಜಿ, ನೀವು ಸ್ವಿಚ್ ಪ್ರೋಟೀನ್" ಎಂದಳು. ತಟ್ಟೆಯಲ್ಲಿ ಅವಳ ಮಮ್ಮಿ ಕರಿದ ಮೂರು ಗೋಳಿಬಜೆ ಇದ್ದರೆ ನಾನು ಆನ್; ಒಂದೊಂದು ಬಜೆಯೂ ಒಂದೊಂದು ಫಾಸ್ಫೇಟ್ ಅಂತೆ. ಕೋಶಕ್ಕೆ 'ಬೆಳೆ' ಎಂದು ಆಜ್ಞೆ ಕೊಡಲು ಎಡಗೈ ಎತ್ತಿ ಹಿಡಿಯಬೇಕು. ಒಂದು ತಿಂದು ಎರಡುಳಿದರೆ ಆಫ್, ಕೈ ಇಳಿಸಬೇಕು. ಸ್ವಿಚ್ಚು ತಾನಾಗಿ ತಿನ್ನುವುದು ಬಹಳ ನಿಧಾನ. "ತಿನ್ನಿ, ತಿನ್ನಿ" ಎಂದು ಅವಸರಿಸುವ ಪ್ರೋಟೀನು ಗ್ಯಾಪ್. ಅದು ಅವಳ ಡ್ಯಾಡಿ. ಎರಡುಳಿದ ತಟ್ಟೆ ಎತ್ತಿ ಜಾಗ ಖಾಲಿ ಮಾಡುವ ಇನ್ನೊಂದು ಪ್ರೋಟೀನು ಜೆಫ್, ಅದು ಮಮ್ಮಿ. ಆ ಜಾಗಕ್ಕೆ ಮೂರರ ಹೊಸ ತಟ್ಟೆ ಬಂದರೆ ನಾನು ಮತ್ತೆ ಆನ್.

ಅವರ ಮನೆಯ ಸೋಫಾದ ಮೇಲೆ ಕೈ ಎತ್ತಿ ಕೂತೆ. ಇದೊಂದೂ ಗೊತ್ತಿಲ್ಲದ ಡ್ಯಾಡಿ ಒಳಗೆ ಬಂದವರೇ, "ಎಂತ ಅಜ್ಜಿ, ಬಾತ್ರೂಮಿಗೆ ಹೋಗ್ಬೇಕಾ? ಹೋಗಿ ಮಾರಾಯ್ರೆ, ನಮ್ಮಲ್ಲಿ ಕೇಳುವ ಕ್ರಮ ಇಲ್ಲ" ಎಂದರು.

೨. ಗ್ಯಾಪ್ ಕಂಕನಾಡಿಗೆ ಹೋದ ದಿನ

ಮರುದಿನ ಡ್ಯಾಡಿ ಕಂಕನಾಡಿಗೆ ಮೀನು ತರಲು ಹೋಗಿದ್ದರು. ಅವಸರಿಸುವವರಿಲ್ಲ. ಒಂದೇ ಬಜೆ ಅಗಿಯುತ್ತಾ ಕೂತೆ; ಕೈ ಇಳಿಯಲೇ ಇಲ್ಲ.

"ನೋಡಿ ಅಜ್ಜಿ, ಕೆಲವು ಕ್ಯಾನ್ಸರಿನಲ್ಲಿ ಹೀಗೇ ಆಗುವುದು. ಸ್ವಿಚ್ ಆಫ್ ಆಗುವುದೇ ಇಲ್ಲ!" ಎಂದು ಹುಡುಗಿ ಕುಣಿದಳು.

"ಯವ್ವಾ, ಇದು ಕಟ್ಟಿಸಿದ ಹಲ್ಲು. ಅಷ್ಟಕ್ಕೇ ದೊಡ್ಡ ರೋಗದ ಹೆಸರು ಹೇಳಬ್ಯಾಡ" ಎಂದೆ.

೩. ಸೋಮವಾರ

ಮನೆಯವರೂ ಬರಬಹುದೆಂದು ಡ್ಯಾಡಿ, ಮಮ್ಮಿ, ನಾನು ಮೂವರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಹುಡುಗಿ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಹೇಳುತ್ತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಒಂದು ಪ್ರಶ್ನೆ ಕೇಳಿದರು: "ಜೆಫ್ ಹಳೆಯದನ್ನು ತೆಗೆದ ಮೇಲೆ ಮತ್ತೆ ಎರಡು ಫಾಸ್ಫೇಟಿನದ್ದೇ ಬಂದು ಕೂರಬಾರದೇಕೆ? ಮೂರರದ್ದೇ ಯಾಕೆ?"

ಹುಡುಗಿ ಇಂಗ್ಲಿಷಿನಲ್ಲಿ ಎರಡು ಸಲ ಶುರು ಮಾಡಿ ಅರ್ಧಕ್ಕೇ ಬಿಟ್ಟಳು. ಗೈಡು ಹಣೆ ಒತ್ತಿಕೊಂಡರು. ಅವಳು ಒಮ್ಮೆ ನಮ್ಮ ಕಡೆ ನೋಡಿ ತಟ್ಟನೆ ಕನ್ನಡಕ್ಕೆ ಇಳಿದಳು: "ಮಮ್ಮಿ ತಟ್ಟೆ ತೆಗೆಯುವುದು ಮಾತ್ರ ಸರ್. ಕೋಶದ ಅಡುಗೆಮನೆಯಲ್ಲಿ ಮೂರರ ತಟ್ಟೆಗಳೇ ಜಾಸ್ತಿ ಉಂಟು. ಹಾಗೆ ಮೂರರದ್ದೇ ಬರ್ತದೆ."

ಪರೀಕ್ಷಕರು ಕನ್ನಡಕ ತೆಗೆದರು. "ಉತ್ತರ ಸರಿ. ಯಾರ ಮಮ್ಮಿ?"

ಮಮ್ಮಿ ಎದ್ದು ನಿಂತರು. "ನಾನೇ ಸರ್."

"ಥೀಸಿಸ್ಸಿನಲ್ಲಿ ಇವರ ಹೆಸರು ಉಂಟಾ?" ಹುಡುಗಿ ತಲೆ ತಗ್ಗಿಸಿದಳು. "ಹಾಗಾದರೆ ಒಂದೇ ತಿದ್ದುಪಡಿ. ಕೃತಜ್ಞತೆಯಲ್ಲಿ ಸೇರಿಸಿ. ಪಾಸ್."

"ಅಜ್ಜಿಯದ್ದೂ ಹಾಕ್ತೇನೆ ಸರ್" ಎಂದಳು ಹುಡುಗಿ.

ಮಮ್ಮಿ ಇನ್ನೂ ನಿಂತೇ ಇದ್ದರು. "ಎಂತಕ್ಕೆ? ಅವರು ತಿಂದದ್ದು ಮಾತ್ರ!"