ಮೆಟಲ್ ಕ್ಯಾಸೆಟ್ಟಿಗೆ ಒಬ್ಬ ಕೇಳುಗ ಬೇಕಾಗಿದ್ದ

ನನ್ನ ಕ್ಯಾಸೆಟ್ ಪೆಟ್ಟಿಗೆ ತೆರೆದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಇದಕ್ಕೆ ನಾನೇನು ಮಾಡಲಿ?

ಸಿಂಧನೂರಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವುದು ನನ್ನ ಕಸುಬು. ತೊಂಬತ್ತರ ದಶಕದಲ್ಲಿ ಲಿಂಗಸುಗೂರಿನಲ್ಲಿ ಈ ಕೆಲಸ ಕಲಿಯುವಾಗ, ಒಂದು ಹೊತ್ತಿನ ಊಟ ಬಿಟ್ಟು ಕೊಂಡ ಮೆಟಲ್, ರಾಕ್, ಎಲೆಕ್ಟ್ರಾನಿಕ್ ಸಂಗೀತದ ಆಲ್ಬಮ್ಮುಗಳೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿವೆ. ನನ್ನದು ಒಂದು ಕಡೆ ಕೂರುವ ಜೀವವಲ್ಲ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಿರುತ್ತದೆ. ಆ ಗದ್ದಲ ಕಿವಿಗೆ ಬಿದ್ದರೆ ಮಾತ್ರ ಒಳಗಿನ ಚಡಪಡಿಕೆ ತುಸು ಇಳಿಯುತ್ತದೆ. ಆದರೆ ಇಷ್ಟು ವರ್ಷಗಳಲ್ಲಿ ನನ್ನ ಜೊತೆ ಕೂತು ಕೇಳಿದವರು ಒಬ್ಬರೂ ಇಲ್ಲ. ಆ ಕೊರಗು ನನಗೆ ನಿಜವಾಗಿಯೂ ಇದೆ.

ಈಚೆಗೆ ಬಾಡಿಗೆ ಮನೆ ಬದಲಿಸುವ ಮಾತು ಬಂದಾಗ ಹೆಂಡತಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. “ನಿಮ್ಮನ್ನ ಬಿಟ್ಟು ಇನ್ನೊಬ್ರು ಯಾರರ ಇದ್ರಾಗಿನ ಒಂದು ಕ್ಯಾಸೆಟ್ ಪೂರ್ತಿ ಕೇಳ್ಲಿ. ಹಂಗಾದ್ರ ಹೊಸ ಮನಿಗೆ ಬರ್ತದ. ಇಲ್ಲಂದ್ರ ಗುಜರಿಗೆ.”

ನನಗೆ ಸಿಕ್ಕಿದ್ದು ಹದಿನೈದು ದಿನ.

ಮಿಲ್ಲಿನಲ್ಲಿ

ಮೊದಲು ಹಿಡಿದದ್ದು ಒಂದು ರೈಸ್ ಮಿಲ್ಲಿನ ಆಪರೇಟರನ್ನು. ದಿನವಿಡೀ ಗದ್ದಲದಲ್ಲೇ ಇರುವ ಮನುಷ್ಯ, ಇವನಿಗೆ ಮೆಟಲ್ ಏನು ಲೆಕ್ಕ ಅನ್ನಿಸಿತ್ತು. ರಿಪೇರಿಯಾದ ಮೋಟಾರು ಕೂರಿಸಿ, ಮಷಿನ್ನನ್ನು ಖಾಲಿ ಓಡಿಸಿ ನೋಡುತ್ತಾ, ಅವನ ಪಕ್ಕದಲ್ಲೇ ಸೆಲ್ ಹಾಕಿದ ನನ್ನ ಹಳೆಯ ಟೇಪ್ ರೆಕಾರ್ಡರ್ ಹಚ್ಚಿದೆ. ಡ್ರಮ್ಮು ಧಡಧಡ ಶುರುವಾಯಿತು.

ಆಫೀಸಿನಿಂದ ಮಿಲ್ಲಿನ ಸಾವ್ಕಾರರು ಚಪ್ಪಲಿ ಬಿಟ್ಟು ಓಡಿ ಬಂದರು. “ಬೇರಿಂಗ್ ಹೋಗ್ಯಾದ, ಬಂದ್ ಮಾಡ್ರಿ!” ಅನ್ನುತ್ತಾ ತಾವೇ ಮೇನ್ ಸ್ವಿಚ್ ಕೆಳಗೆಳೆದರು. ಮಷಿನ್ನು ನಿಂತಿತು. ಧಡಧಡ ನಿಲ್ಲಲಿಲ್ಲ. ಸಾವ್ಕಾರರು ಸ್ವಿಚ್ಚನ್ನೊಮ್ಮೆ, ಮಷಿನ್ನನ್ನೊಮ್ಮೆ ನೋಡಿದರು.

“ಮಿಸ್ತ್ರಿ, ಏನ್ ಮಾಡಿಟ್ಟೀದಿ ಇದಕ್ಕ?”

ನಾನು ಗಾಬರಿಯಲ್ಲಿ ಬಾಯಿ ತೆರೆಯುವ ಮೊದಲೇ ಅವರ ಮುಖ ಅರಳಿತು. “ಕರೆಂಟ್ ಇಲ್ಲದ ಓಡಾಕತ್ತೈತಲ್ಲೋ! ಉಳಿದ ಮೂರು ಮಷಿನ್ನಿಗೂ ಹಿಂಗ ಮಾಡಿಕೊಡು.”

ಹಾಡುವವರ ದಾರಿ ಕಾಯುತ್ತಾ

ಮಸ್ಕಿಯಲ್ಲಿ ನನ್ನ ಗೆಳೆಯನೊಬ್ಬ ಟೇಲರ್. ಸೋಮವಾರ ಭಜನೆಯಲ್ಲಿ ತಬಲಾ ಬಾರಿಸುತ್ತಾನೆ. ಸಂಗೀತ ಗೊತ್ತಿದ್ದವನು ಅಂತ ಅವನಿಗೆ ಒಂದು ಎಲೆಕ್ಟ್ರಾನಿಕ್ ಆಲ್ಬಮ್ ಹಚ್ಚಿಕೊಟ್ಟೆ. ಅದರಲ್ಲಿ ಹಾಡುವವರಿಲ್ಲ, ಬರೀ ತಾಳ, ಅದರ ಮೇಲೆ ಯಂತ್ರದ ನಾದ.

ಗೆಳೆಯ ಹೊಲಿಯುತ್ತಲೇ ತಲೆದೂಗಿದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಎದ್ದು ಹೋಗಲಿಲ್ಲ. ಕೊನೆಗೂ ಒಬ್ಬ ಸಿಕ್ಕ ಅಂದುಕೊಂಡು, ಕೂರಲಾಗದೆ ಅಂಗಡಿಯ ಮುಂದೆ ಅಡ್ಡಾಡಿದೆ.

ಅರ್ಧ ಗಂಟೆಗೆ ಅವನೇ ಟೇಪು ನಿಲ್ಲಿಸಿದ. “ತಾಳ ಹಿಡ್ದವ ಭಾಳ ಗಟ್ಟಿ ಅದಾನಪ್ಪ, ಒಂದು ಸಲಾನೂ ತಪ್ಪಿಲ್ಲ. ಆದ್ರ ಪಾಪ, ಎಷ್ಟೊತ್ತು ಒಬ್ಬನ ಬಾರಿಸ್ಯಾನು?”

“ಯಾಕ ಬಂದ್ ಮಾಡ್ದಿ?” ಅಂದೆ.

“ಹಾಡೋ ಮಂದಿ ಬಂದ ಮ್ಯಾಲ ಫೋನ್ ಮಾಡು. ಬರ್ತೀನಿ.”

ಪಾಮನಕಲ್ಲೂರಿನ ಜೋಳ

ಪಾಮನಕಲ್ಲೂರಿನ ರೈತರೊಬ್ಬರು ಬೋರಿನ ಮೋಟಾರು ತಂದಿದ್ದರು. ಅಂಗಡಿಯಲ್ಲಿ ರಾಕ್ ಆಲ್ಬಮ್ ಓಡುತ್ತಿತ್ತು. ಹಾಡುಗಾರ ಗಂಟಲು ಹರಿಯುವಂತೆ ಕಿರುಚಿದ. ರೈತರು ನಿಂತಲ್ಲೇ ನಿಂತು ಕೇಳಿದರು. “ಮಿಸ್ತ್ರಿ, ಇದನ್ನ ನಾಕ್ ದಿನದ ಮಟ್ಟಿಗೆ ಕೊಡ್ತೀರೇನ್ರೀ?”

ಟೇಪ್ ರೆಕಾರ್ಡರಿನ ಸಮೇತ ಕೊಟ್ಟೆ. ಹೊಸ ಸೆಲ್ಲನ್ನೂ ನಾನೇ ಹಾಕಿಕೊಟ್ಟೆ. ನಾಲ್ಕು ದಿನ ಕಾಯುವ ತಾಳ್ಮೆ ನನಗೆಲ್ಲಿ ಬರಬೇಕು? ಮರುದಿನವೇ ಬೈಕ್ ಹತ್ತಿದೆ. ತೆನೆ ಹಿಡಿದ ಜೋಳದ ಹೊಲದ ನಡುವೆ ಒಂದು ಅಟ್ಟಣಿಗೆ. ಅದರ ಮೇಲೆ ನನ್ನ ಟೇಪು ಒಂದೇ ಕಿರುಚುತ್ತಿತ್ತು. ರೈತರು ದೂರದ ಬೇವಿನ ಗಿಡದ ಕೆಳಗೆ, ಕಿವಿಗೆ ಟವೆಲ್ ಸುತ್ತಿಕೊಂಡು ಕೂತಿದ್ದರು.

“ಪೂರ್ತಿ ಕೇಳಿದ್ರೇನ್ರೀ?” ಅಂತ ಆಸೆಯಿಂದ ಕೇಳಿದೆ.

“ನಾ ಯಾಕ ಕೇಳ್ಲಿ? ಹಕ್ಕಿ ಕೇಳ್ಯಾವ, ಹೋಗ್ಯಾವ. ನಮ್ಮ ಹೊಲದಾಗಿಂದ ಹಾದಿ ಬೇಕಂತ ಬಾಜೂದವ್ರು ಮೂರ್ ವರ್ಷದಿಂದ ಜಗಳ ತಗದಿದ್ರು ನೋಡ್ರಿ. ನಿನ್ನಿಯಿಂದ ಅವ್ರೂ ಸುತ್ತು ಹಾಕ್ಕೊಂಡು ಹೊಂಟಾರ.”

ಮಾವನವರ ನಿದ್ದೆ

ಕೊನೆಯ ದಿನ ಸಾಮಾನು ಕಟ್ಟಲು ಹಟ್ಟಿಯಿಂದ ಮಾವನವರು ಬಂದರು. ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಡ್ರಿಲ್ಲು ಹಿಡಿದು ದುಡಿದವರು. ನಿವೃತ್ತರಾದ ಮೇಲೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. “ಮನಿ ಭಾಳ ಸುಮ್ಮಗಿರ್ತದ” ಅನ್ನುವರು. ಅಪ್ಪನ ಈ ಸ್ಥಿತಿ ನೋಡಿ ಹೆಂಡತಿ ಮರುಗುತ್ತಿದ್ದಳು.

ಮಧ್ಯಾಹ್ನ ಊಟವಾಗಿ ಮಾವನವರು ಚಾಪೆಯ ಮೇಲೆ ಹೊರಳಾಡುತ್ತಿದ್ದರು. ಗುಜರಿಯವನು ಸಂಜೆ ಬರುವವನಿದ್ದ. ಕೊನೆಯ ಸಲ ಕೇಳಿಬಿಡೋಣ ಅಂತ, ಇರುವುದರಲ್ಲೇ ಜೋರಾದ ಮೆಟಲ್ ಆಲ್ಬಮ್ ಹಚ್ಚಿದೆ. ಎರಡನೇ ಹಾಡಿಗೆ ಗೊರಕೆ ಕೇಳಿಸಿತು. ಹೆಂಡತಿ ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡಿದಳು.

ಐದನೆಯದು ಮೆತ್ತಗಿನ ಹಾಡು, ಬರೀ ಒಂದು ಗಿಟಾರು. ಡ್ರಮ್ಮು ನಿಂತದ್ದೇ ತಡ, ಮಾವನವರು ಚಂಗನೆ ಎದ್ದರು. “ಗಾಳಿ ಫ್ಯಾನ್ ನಿಂತೈತಿ! ನಡೀರಿ ಮ್ಯಾಲ!” ಅನ್ನುತ್ತಾ ನಮ್ಮಿಬ್ಬರ ರಟ್ಟೆ ಹಿಡಿದು ಬೀದಿಗೆ ಎಳೆದು ತಂದರು. ಗಣಿಯೊಳಗೆ ಗಾಳಿ ಬಿಡುವ ಫ್ಯಾನು ನಿಂತರೆ ಮೊದಲು ಹೊರಗೆ ಬರಬೇಕು. ಅವರ ಮೈ ಆ ಪಾಠವನ್ನು ಇನ್ನೂ ಮರೆತಿಲ್ಲ. ಉರಿಬಿಸಿಲಲ್ಲಿ ನಮ್ಮ ತಲೆ ಎಣಿಸಿ, “ಎಲ್ಲಾರೂ ಬಂದೀರಿ” ಅಂದರು. ಓಣಿಯವರೆಲ್ಲ ನೋಡುತ್ತಿದ್ದರು.

ಅಷ್ಟರಲ್ಲಿ ಒಳಗೆ ಆರನೇ ಹಾಡಿನ ಧಡಧಡ ಶುರುವಾಯಿತು. “ಹ್ಞಾಂ, ಚಾಲೂ ಆತು” ಅಂತ ಮಾವನವರು ಒಳಗೆ ಹೋಗಿ ಮಲಗಿದರು. ಮತ್ತೆ ಗೊರಕೆ.

ನಾನು ಹೆಂಡತಿಯನ್ನು ಮೆಲ್ಲಗೆ ಕೇಳಿದೆ: “ನಿದ್ದಿಯಾಗ ಕೇಳಿದ್ರ ಲೆಕ್ಕಕ್ಕ ಬರ್ತದೇನು?”

ಕ್ಯಾಸೆಟ್ಟಿನ ಒಂದು ಕಡೆ ಮುಗಿದು ಟೇಪು ಟಕ್ಕೆಂದಿತು. ಮಾವನವರ ರೆಪ್ಪೆ ಅದುರಿತು. ಮದುವೆಯಾದಾಗಿನಿಂದ ಆ ಟೇಪನ್ನು ಮುಟ್ಟದವಳು ಓಡಿಹೋಗಿ, ಕ್ಯಾಸೆಟ್ಟು ತಿರುವಿ ಹಾಕಿ, ಗುಂಡಿ ಒತ್ತಿದಳು. ನನ್ನ ಕಣ್ಣು ತುಂಬಿ ಬಂತು. ಅವಳು ಪೆಟ್ಟಿಗೆಯ ಮುಂದೆ ಕೂತು ನನ್ನನ್ನು ಕೈಬೀಸಿ ಕರೆದಳು.

“ಬರ್ರಿ ಇಲ್ಲಿ, ಜಲ್ದಿ. ಮೆತ್ತಗಿನ ಹಾಡು ಇದ್ದಾವೆಲ್ಲಾ ಆರಿಸಿ ಗುಜರಿಗೆ ಹಾಕ್ರಿ. ಹಿಂಗ ಬಡಕೊಳ್ಳಾವು ಎಲ್ಲಾ ನಮಗ ಬೇಕು.”