ಹೂವು ಮುಡಿಸಿದ ಮೇಲೂ ಹೋಗದ ಹಳೇ ಪುಟ

ಮನುಷ್ಯರ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಒಂದು ಸುಖವಿದೆ. ಅವರು ತಿರುಗಿ ಬೈಯುತ್ತಾರೆ, ನಾವು ಅದಕ್ಕೆ ಇನ್ನೊಂದು ಸೇರಿಸುತ್ತೇವೆ, ಗಂಟಲು ಒಣಗಿದ ಮೇಲೆ ಇಬ್ಬರೂ ಟೀ ಕುಡಿದು ಎದ್ದು ಹೋಗುತ್ತೇವೆ. ಚಳ್ಳಕೆರೆಯಲ್ಲಿ ಎಣ್ಣೆ ಅಂಗಡಿ ಇಟ್ಟುಕೊಂಡು ನಾನು ಇಷ್ಟು ವರ್ಷ ಬಾಳಿರುವುದೇ ಈ ಕ್ರಮದಲ್ಲಿ. ಆದರೆ ಫೋನಿನ ಮೇಲೆ ಸಿಟ್ಟು ಬಂದರೆ ಏನು ಮಾಡಬೇಕು, ನೀವೇ ಹೇಳಿ. ಬೈದರೆ ಅದು ಸುಮ್ಮನಿರುತ್ತದೆ, ಎಸೆದರೆ ನಷ್ಟ ನಮಗೇ. ನನ್ನ ಹೆಂಡತಿ ಗಿರಿಜಾ, 'ನಿಮಗೆ ಸಿಟ್ಟು ಮೂಗಿನ ತುದೀಲೇ ಐತೆ' ಅನ್ನುತ್ತಾಳೆ. ಶುದ್ಧ ಸುಳ್ಳು. ಮೂಗಿನ ತುದಿಯಲ್ಲೇ ಇದ್ದಿದ್ದರೆ ಕರ್ಚೀಫು ತೆಗೆದು ಒರೆಸಿಕೊಂಡುಬಿಡುತ್ತಿದ್ದೆ. ಈ ಸಲ ಬಂದ ಸಿಟ್ಟು ಅಂಗಾಲಿನಿಂದ ನೆತ್ತಿಯವರೆಗೆ ಇತ್ತು, ಅದಕ್ಕೆ ಕಾರಣವೂ ಇತ್ತು.

ನಮ್ಮ ಜನದವರಿಗೆ ಅನುಕೂಲವಾಗಲಿ ಎಂದು ನಾನು ವಧು-ವರರ ಮಾಹಿತಿಯ ವೆಬ್‌ಸೈಟ್ ಒಂದನ್ನು ನಡೆಸುತ್ತೇನೆ. ಹುಡುಗಿಯರದು ಒಂದು ಪುಟ, ಹುಡುಗರದು ಒಂದು ಪುಟ. ಫೋಟೋ, ಓದು, ಊರು, ಕೆಳಗೆ ನನ್ನ ಫೋನ್ ನಂಬರು. ಇದನ್ನು ಮಾಡಿಕೊಟ್ಟವನು ಗಿರಿಜಾಳ ತಮ್ಮ ಶಿವು. ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ, ಬಾಯಿ ಜೋರು, ತನಗೆ ಗೊತ್ತಿಲ್ಲದ್ದು ಇನ್ನೂ ಹುಟ್ಟಿಯೇ ಇಲ್ಲ ಎಂಬ ಧೈರ್ಯ ಬೇರೆ. ನನ್ನ ಮಗಳು ಶ್ವೇತಾಳ ಫೋಟೋವನ್ನೂ ಅದರಲ್ಲೇ ಹಾಕಿದ್ದೆ. ಊರವರಿಗೆಲ್ಲ ಸಂಬಂಧ ಕೂಡಿಸುವವನು ಮನೆಯ ಮಗಳನ್ನು ಬಿಟ್ಟಾನೆಯೇ? ಪುಣ್ಯಕ್ಕೆ ಅಲ್ಲೇ ಹುಡುಗರ ಪುಟದಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯವರ ಮಗ ನವೀನ ಸಿಕ್ಕಿದ. ಹುಡುಗ ಒಳ್ಳೆಯವನು, ಶ್ವೇತಾಗೂ ಮನಸ್ಸಾಯಿತು. ಆ ಮನೆಯಲ್ಲಿ ಮಾತು ಅಂತ ನಡೆಯುವುದು ಹುಡುಗನ ದೊಡ್ಡಮ್ಮ ಪಾರ್ವತಕ್ಕನದು. ಅವರೇ ನಮ್ಮ ಮನೆಗೆ ಬಂದು, ಮಗಳಿಗೆ ಹಸಿರು ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಬಾಯಿಗೆ ಸಕ್ಕರೆ ಹಾಕಿ ಹೋದರು.

ನಮ್ಮ ಕಡೆ ಹೂವು ಮುಡಿಸಿದರೆ ಮುಗಿಯಿತು. ಆಮೇಲೆ ಅವರೂ ಹೆಣ್ಣು ಹುಡುಕುವಂತಿಲ್ಲ, ನಾವೂ ಗಂಡು ಹುಡುಕುವಂತಿಲ್ಲ. ಹುಡುಗಿಯ ಫೋಟೋ ಹೊಸ್ತಿಲು ದಾಟುವಂತಿಲ್ಲ. ಆವತ್ತೇ ಸಾಯಂಕಾಲ ಶಿವುಗೆ ಹೇಳಿ ಇಬ್ಬರ ಫೋಟೋವನ್ನೂ ತೆಗೆಸಿದೆ. ನನ್ನ ಫೋನಿನಲ್ಲಿ ಹುಡುಗಿಯರ ಪುಟ ತೆರೆದೆ. ಶ್ವೇತಾ ಇನ್ನೂ ನಗುತ್ತಾ ನಿಂತಿದ್ದಳು! 'ಪುಟದ ಮೇಲೆ ಬೆರಳಿಟ್ಟು ಕೆಳಗೆ ಎಳೀರಿ ಭಾವ' ಅಂದ ಶಿವು. ಎಳೆದೆ, ಹೋದಳು. ಒಂದು ಜವಾಬ್ದಾರಿ ಕಳೆಯಿತು ಅಂತ ಕಾಲು ಚಾಚಿ ಕೂತೆ.

ವಾರ ಕಳೆಯುವಷ್ಟರಲ್ಲಿ ಪಾರ್ವತಕ್ಕನ ಫೋನು ಬಂತು. ಅವರ ತವರು ಗಡಿಯಾಚೆಗಿನದು, ಸಿಟ್ಟು ಬಂದರೆ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಬಂದು ಬಡಿಯುತ್ತದೆ.

"ಏಮಿಟಂಡಿ ಇದಿ? ಏನ್ರೀ ಇದು? ಹೂವು ಮುಡಿಸಿದ ಮೇಲೂ ಇನ್ನೂ ಹುಡುಕ್ತಾನೇ ಇದೀರಾ? ನಾಲ್ಕು ಜನದಾಗೆ ನಮ್ಮ ಮರ್ಯಾದೆ ಏನಾಗಬೇಕು?"

"ಅಯ್ಯೋ, ತೆಗೆಸಿದೀನಲ್ರೀ ಅಕ್ಕಾರೆ!"

"ನನ್ನ ಫೋನಾಗೆ ಐತೆ. 'ವರ ಬೇಕಾಗಿದೆ' ಅಂತ ದಪ್ಪಕ್ಷರದಾಗೆ ಐತೆ. ನನ್ನ ಕಣ್ಣೇನು ಸುಳ್ಳು ಹೇಳ್ತದಾ? ಆ ಫೋಟೋ ಹೋಗೋ ತನಕ ಸೋಮವಾರ ಜವಳಿಗೆ ಬರಬ್ಯಾಡ್ರಿ."

ಜವಳಿಗೆ ಬರಬೇಡಿ ಅಂದರೆ ಏನರ್ಥ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಮನೆಯವರು ಒಟ್ಟಿಗೆ ಕೂತು ಮದುವೆ ಸೀರೆ ಆರಿಸದಿದ್ದರೆ ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ. ಒಳಗೆ ಶ್ವೇತಾ ಅಳುತ್ತಾ ಕೂತಳು. ಗಿರಿಜಾ ನನ್ನನ್ನೇ ನೋಡಿದಳು, ಫೋಟೋ ಅಲ್ಲಿ ನಾನೇ ಅಂಟಿಸಿ ಬಂದಿದ್ದೇನೋ ಎಂಬಂತೆ. ಸಾಲದ್ದಕ್ಕೆ ಪರಶುರಾಂಪುರದಿಂದ ಯಾರೋ ಒಬ್ಬರು ಫೋನು ಮಾಡಿ, 'ನಿಮ್ಮ ಪುಟದಾಗೆ ಹಸಿರು ಚೂಡಿದಾರದ ಹುಡುಗಿ ಐತಲ್ರೀ, ನಮ್ಮ ಹುಡುಗನಿಗೆ ಭಾಳ ಹಿಡಿಸೈತಿ' ಅಂದರು. ಅವರಿಗೆ ಏನು ಅಂದೆ ಅಂತ ಇಲ್ಲಿ ಬರೆಯುವಂತಿಲ್ಲ. ಪಾಪ, ಒಳ್ಳೆಯ ಜನ ಇರಬೇಕು, ನಾನು ಉಸಿರು ತೆಗೆದುಕೊಳ್ಳುವವರೆಗೂ ಕೇಳಿಸಿಕೊಂಡು ಆಮೇಲೆ ಇಟ್ಟರು.

ನೇರವಾಗಿ ಶಿವು ಅಂಗಡಿಗೆ ಹೋದೆ.

"ಲೇ, ತೆಗೆದೆ ಅಂದ್ಯಲ್ಲೋ?"

"ತೆಗೆದೀನಿ ಭಾವ. ನಮ್ಮ ಕಡೆ ಇಲ್ಲ. ಅವರ ಫೋನಿನ ಬ್ರೌಸರ್ ಹಳೇ ಪುಟಾನ ತನ್ನ ಹತ್ರ ಎತ್ತಿಟ್ಕೊಂಡೈತೆ. ತೆರೆದಾಗೆಲ್ಲ ಅದನ್ನೇ ತೋರಿಸ್ತದೆ."

"ಯಾರನ್ನ ಕೇಳಿ ಎತ್ತಿಟ್ಕೊಂತು?"

"ನಾನೇ ಹೇಳಿದ್ದೆ. ಪುಟ ನಿಧಾನ ತೆರೀತೈತೆ, ಜನ ಬೈತಾರೆ ಅಂತ ನೀವು ಕೂಗಾಡಿದ್ರಲ್ಲ? ಅದಕ್ಕೇ ಒಂದ್ ವರ್ಷ ಇಟ್ಕೊಂಡು ಅದನ್ನೇ ತೋರಿಸು ಅಂತ ಹಾಕ್ದೆ. ಬೇಗ ತೆರೀತೈತೋ ಇಲ್ಲೋ?"

ಒಂದು ವರ್ಷ! ಉಪ್ಪಿನಕಾಯಿಯೇ ನಮ್ಮ ಮನೆಯಲ್ಲಿ ಒಂದು ವರ್ಷ ಉಳಿಯುವುದಿಲ್ಲ. ಬೇಗ ತೆರೆಯಲಿ ಅಂದಿದ್ದೆನೇ ಹೊರತು ನನ್ನ ಮಗಳನ್ನು ಊರೂರಿನ ಫೋನಿನಲ್ಲಿ ಭದ್ರವಾಗಿ ಕೂಡಿಹಾಕು ಅಂದಿದ್ದೆನೇ? ಇವತ್ತು ಇದ್ದ ಹುಡುಗಿ ನಾಳೆ ಇರದ ಪುಟಕ್ಕೆ ಯಾವನಾದರೂ ವರ್ಷದ ವಾಯಿದೆ ಹಾಕುತ್ತಾನೆಯೇ? ಅಂಗಡಿಗೆ ಬಂದಿದ್ದ ಗಿರಾಕಿಗಳು ಒಬ್ಬೊಬ್ಬರೇ ಎದ್ದು ಹೋದರು. ಅಷ್ಟು ಬೈದೆ.

ಶಿವು ಸ್ವಲ್ಪವೂ ಬಗ್ಗಲಿಲ್ಲ. ಅಲ್ಲೇ ಕೂತು ಏನೋ ಕುಟ್ಟಿದ. "ಆತು ಬಿಡ್ರಿ. ಇನ್ಮೇಲೆ ಪುಟದ ಜೊತೆಗೇ ಒಂದು ಅಪ್ಪಣೆ ಹೋಗ್ತೈತೆ. 'ಏನೂ ಎತ್ತಿಟ್ಕೋಬ್ಯಾಡ, ಪ್ರತಿ ಸಲ ನನ್ನನ್ನ ಕೇಳಿ ಹೊಸಾದು ತೋರಿಸು' ಅಂತ."

"ಹಂಗಾದ್ರೆ ಪಾರ್ವತಕ್ಕನ ಫೋನು ಸರಿ ಹೋತು?"

"ಎಲ್ಲಿ ಹೋಗ್ತೈತೆ? ಅದರ ಹತ್ರ ವರ್ಷಕ್ಕಾಗೋಷ್ಟು ಐತಲ್ಲ, ಅದು ನಮ್ಮನ್ನ ಕೇಳೋಕೇ ಬರಲ್ಲ. ಕೇಳೋಕೆ ಬರದೋರಿಗೆ ಅಪ್ಪಣೆ ಹೆಂಗೆ ಕೊಡಾನ? ಅವರೇ ಎಳೀಬೇಕು, ಇಲ್ಲಾ ಫೋನಾಗೆ ಕೂಡಿಟ್ಟಿದ್ದನ್ನ ಅಳಿಸಬೇಕು."

ಪಾರ್ವತಕ್ಕನಿಗೆ ಫೋನಿನಲ್ಲೇ ಹೇಳಿಕೊಡಲು ನೋಡಿದೆ. 'ಅಕ್ಕಾರೆ, ಅದು ಹಳೇ ಪುಟ, ಫೋನು ಎತ್ತಿಟ್ಕೊಂಡಿರ್ತದೆ. ಮೇಲಿಂದ ಕೆಳಗೆ ಎಳೀರಿ.' ಅವರು ತೀರಾ ಮೇಲಿಂದ ಎಳೆದರು. ಪುಟದ ಬದಲು ಮೆಸೇಜುಗಳ ಪರದೆ ಇಳಿಯಿತು. 'ಇದ್ಯಾವುದೋ ಗ್ಯಾಸಿಂದು ಬಂತು' ಅಂದರು. ಮತ್ತೆ ಎಳೆಯಿರಿ ಅಂದೆ, ಮತ್ತೆ ಗ್ಯಾಸು. 'ನನ್ನ ಫೋನಿಗೇ ದೋಷ ಹೇಳ್ತೀರಾ? ಹೊಸಾದು ಇದು, ನವೀನ ಕೊಡಿಸಿದ್ದು' ಅಂತ ಇಟ್ಟೇಬಿಟ್ಟರು.

ಮಾರನೇ ದಿನ ಗಿರಿಜಾಳನ್ನು ಕರೆದುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ತಳಕು ಊರು ದಾಟುವವರೆಗೂ ನಾನು ಶಿವುನನ್ನು ಬೈದೆ. ಅಲ್ಲಿಂದ ಮುಂದೆ ಬ್ರೌಸರನ್ನು ಬೈದೆ. ಗಿರಿಜಾ ಕಿಟಕಿಯ ಕಡೆ ತಿರುಗಿ, "ಅವರ ಮನೇಲಿ ಮಾತ್ರ ಬಾಯಿ ಹಿಡ್ಕೊಳ್ರಿ, ಮಗಳ ಬಾಳು" ಅಂದಳು. ನನಗೇನು ಅಷ್ಟೂ ತಿಳಿಯುವುದಿಲ್ಲವೇ?

ಪಾರ್ವತಕ್ಕ ನೀರು ಕೊಟ್ಟರು, ಟೀ ಕೊಡಲಿಲ್ಲ. ಸೀರೆ ಅಂಗಡಿಯ ಹಿಂದಿನ ನಡುಮನೆಯಲ್ಲಿ ಮನೆಯವರೆಲ್ಲ ಸಾಲಾಗಿ ಕೂತಿದ್ದರು, ನವೀನ ಬಾಗಿಲ ಹತ್ತಿರ ನೆಲ ನೋಡುತ್ತಾ ನಿಂತಿದ್ದ. ನಾನು ಅವರ ಫೋನು ಇಸಿದುಕೊಂಡು, ಶಿವು ಹೇಳಿಕೊಟ್ಟ ಹಾಗೆ ಒಳಗೆ ಕೂಡಿಟ್ಟಿದ್ದನ್ನೆಲ್ಲ ಅಳಿಸಿ, ಪುಟ ತೆರೆದು ಮುಂದೆ ಹಿಡಿದೆ. ಶ್ವೇತಾ ಇರಲಿಲ್ಲ. ಪಾರ್ವತಕ್ಕ ಕನ್ನಡಕ ಹಾಕಿ ಮೇಲಿಂದ ಕೆಳಗೆ ನೋಡಿದರು, ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಮುಖ ಸಡಿಲವಾಯಿತು. "ಟೀ ಇಡ್ರೇ" ಅಂತ ಒಳಗೆ ಕೂಗಿದರು. ಅಬ್ಬಾ, ಗಿರಿಜಾ ಉಸಿರು ಬಿಟ್ಟದ್ದು ನನಗೇ ಕೇಳಿಸಿತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಗೆದ್ದ ಹುಮ್ಮಸ್ಸು ನೋಡಿ, "ಬೇಕಾದ್ರೆ ನನ್ನ ಫೋನೂ ನೋಡ್ರಿ ಅಕ್ಕಾರೆ, ನಮ್ಮದು ಅವತ್ತಿನಿಂದ್ಲೂ ಚೊಕ್ಕ ಐತೆ" ಅಂತ ತೆರೆದು ಅವರ ಕೈಗೇ ಕೊಟ್ಟೆ. ಅವರು ಹುಡುಗಿಯರ ಪುಟ ನೋಡಿ ತಲೆಯಾಡಿಸಿದರು. ಆಮೇಲೆ ಪಕ್ಕದ 'ವರರು' ಎಂಬುದನ್ನು ಒತ್ತಿ, ನೋಡಿ, ಫೋನನ್ನು ನನ್ನ ಕಡೆ ತಿರುಗಿಸಿದರು.

ಕಪ್ಪು ಕನ್ನಡಕ ಹಾಕಿ, ಬೈಕಿಗೆ ಒರಗಿ, ನವೀನ ನಗುತ್ತಿದ್ದ. ಕೆಳಗೆ ದಪ್ಪಕ್ಷರದಲ್ಲಿ, 'ವಧು ಬೇಕಾಗಿದೆ.'

ಪುಟ ನಡೆಸುವವನು ನಾನು. ಹುಡುಗರ ಪುಟವನ್ನು ಎಳೆದು ನೋಡದೆ ಬಿಟ್ಟವನೂ ನಾನು. ಹಳೇ ಪುಟ ಎಂದರೇನು ಅಂತ ಅವರಿಗೆ ಬಿಡಿಸಿ ಹೇಳಿದವನೂ ನಾನೇ. ಅದೆಲ್ಲ ನೆನಪಿಗೆ ಬರುವ ಮೊದಲೇ ನಾನು ಎದ್ದು ನಿಂತಿದ್ದೆ.

"ಏನ್ರೀ ಇದು? ಹೂವು ಮುಡಿಸಿದ ಮೇಲೂ ಇನ್ನೂ ಹುಡುಕ್ತಾನೇ ಇದೀರಾ? ನಾಲ್ಕು ಜನದಾಗೆ ನಮ್ಮ ಮರ್ಯಾದೆ ಏನಾಗಬೇಕು?"

ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅತ್ತಳೋ ನಕ್ಕಳೋ ಇವತ್ತಿಗೂ ಹೇಳಿಲ್ಲ. ಪಾರ್ವತಕ್ಕ ಮಾತ್ರ ತಣ್ಣಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ಬೀಗರೇ, ಕೂತ್ಕಳ್ರಿ. ಅದು ಹಳೇ ಪುಟ, ಫೋನು ಎತ್ತಿಟ್ಕೊಂಡಿರ್ತದೆ. ಮೇಲಿಂದ ಕೆಳಗೆ ಎಳೀರಿ. ಸೋಮವಾರ ಜವಳಿಗೆ ಬರ್ರಿ."

ಎಲ್ಲರೂ ನೋಡುತ್ತಿದ್ದರು. ಎಳೆದೆ. ಅವಸರದಲ್ಲಿ ತೀರಾ ಮೇಲಿಂದ ಎಳೆದುಬಿಟ್ಟೆ. ನವೀನ ಹೋಗಲಿಲ್ಲ, ಮೆಸೇಜುಗಳ ಪರದೆ ಇಳಿಯಿತು. ಮೊದಲನೆಯದೇ ಶಿವುನದು. ಕನ್ನಡಕ ಇನ್ನೂ ಪಾರ್ವತಕ್ಕನ ಮೂಗಿನ ಮೇಲೇ ಇತ್ತು, ಅವರೇ ಬಗ್ಗಿ ಎಲ್ಲರಿಗೂ ಕೇಳುವ ಹಾಗೆ ಓದಿದರು:

"ಭಾವ, ಅಲ್ಲಿ ಹೋಗಿ ಸಿಟ್ಟು ಮಾಡ್ಕೋಬ್ಯಾಡ್ರಿ."