ಟ್ರೈಲರ್ ಇರುವವರು

ಪರದೇಶದಲ್ಲಿ ಬಂಧುಬಳಗ ಹೆಚ್ಚಾಗಬೇಕಾದರೆ ಒಳ್ಳೆಯ ಗುಣ, ಒಳ್ಳೆಯ ಅಡುಗೆ, ಸಂಗೀತ ಯಾವುದೂ ಬೇಡ. ಕಾರಿನ ಹಿಂದೆ ಒಂದು ಕೊಕ್ಕೆ ಇದ್ದರೆ ಸಾಕು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ಸಂತೋಷದಿಂದಲ್ಲ. ಹಾರ್ಬೋರ್ನ್ ಎಂಬ ಇಂಗ್ಲಿಷ್ ಊರಿನ ನಮ್ಮ ಹಿತ್ತಿಲಲ್ಲಿ ಬಸಳೆ ಬೆಳೆಸುವ ಹುಚ್ಚು ಹಿಡಿದಾಗ ಗೊಬ್ಬರ ತರಲೆಂದು ಕಾರಿನ ಕೊಕ್ಕೆಗೆ ಸಿಕ್ಕಿಸಿ ಎಳೆಯುವ ಹಳೆಯದೊಂದು ಪುಟ್ಟ ಟ್ರೈಲರ್ ಕೊಂಡೆ. ಬಸಳೆ ಇಲ್ಲಿನ ಬೇಸಿಗೆಯನ್ನು ಒಮ್ಮೆ ನೋಡಿ ಪ್ರಾಣ ಬಿಟ್ಟಿತು. ಟ್ರೈಲರ್ ಉಳಿಯಿತು, ಸುದ್ದಿ ಹರಡಿತು. ಅಂದಿನಿಂದ ಪಕ್ಕದ ಸೆಲ್ಲಿ ಓಕ್‌ನಲ್ಲಿ ರೂಮು ಬದಲಿಸುವ ನಮ್ಮ ಕಡೆಯ ವಿದ್ಯಾರ್ಥಿಗಳ ಹಾಸಿಗೆ, ಯುಗಾದಿ ಊಟದ ಕೊಪ್ಪರಿಗೆ, ಯಾರದೋ ಕೆಟ್ಟುಹೋದ ವಾಷಿಂಗ್ ಮಷೀನು, ಎಲ್ಲವೂ ನನ್ನ ಬೆನ್ನ ಹಿಂದೆ ಪ್ರಯಾಣ ಮಾಡಿವೆ. ಫೋನ್ ಮಾಡಿದವರು ಮೊದಲು ನನ್ನ ಬೆನ್ನುನೋವು ವಿಚಾರಿಸುತ್ತಾರೆ, ಆಮೇಲೆ ಫ್ರಿಜ್ಜಿನ ಅಳತೆ ಹೇಳುತ್ತಾರೆ.

ಮುಂದಕ್ಕೆ ಹೋಗುವಾಗ ಟ್ರೈಲರ್ ಸಾಧು ಪ್ರಾಣಿ. ಹಿಂದಕ್ಕೆ ತೆಗೆಯುವಾಗ ಅದರ ನಿಜವಾದ ಗುಣ ಗೊತ್ತಾಗುತ್ತದೆ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ತಿದ್ದಲು ಹೊರಟರೆ ಮಡಚಿಕೊಂಡು ಕಾರಿನ ಪಕ್ಕೆಗೇ ತಿವಿಯುತ್ತದೆ. ನನ್ನ ಹೆಂಡತಿ ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುತ್ತಿರುತ್ತಾಳೆ. ಬೇಲಿಗೆ ತಾಗಿದ ಸದ್ದು ಕೇಳಿದ ಮೇಲೆ "ಸಾಕು" ಎನ್ನುತ್ತಾಳೆ. ಎದುರುಮನೆಯವರು ಪರದೆ ಸರಿಸಿ ನೋಡುತ್ತಾರೆ. ಆಗೆಲ್ಲ ನನಗೆ ಒಂದೇ ಪ್ರಶ್ನೆ ಕಾಡುತ್ತಿತ್ತು: ಇವರಿಗೆಲ್ಲ ಬೇಕಾಗಿರುವುದು ನಾನೋ, ಕೊಕ್ಕೆಯೋ?

ಸುಧಾಕರನೊಬ್ಬ ಬೇರೆ ಎಂದು ನಂಬಿದ್ದೆ. ನನಗಿಂತ ಸ್ವಲ್ಪ ಚಿಕ್ಕವನು, ಹಿಂದಿನ ಬೀದಿಯವನು, ಟ್ರೈಲರ್ ಬರುವುದಕ್ಕೂ ಮೊದಲಿನ ಸ್ನೇಹಿತ. ಶನಿವಾರ ಸಂಜೆಯ ಚಹಾ ನಮ್ಮಲ್ಲೇ. ಅವನಿಗೆ ಮ್ಯಾಂಚೆಸ್ಟರಿನ ವಿದನ್‌ಶಾ ಕಡೆ ಕೆಲಸ ಸಿಕ್ಕಿ, ಅಲ್ಲೇ ಮನೆ ಕೊಂಡಾಗ, ಅವನು ಕೇಳುವ ಮೊದಲೇ ನಾನು ಟ್ರೈಲರ್ ಜೋಡಿಸಿ ನಿಂತೆ. ಇದ್ದ ಒಬ್ಬ ಸ್ನೇಹಿತನನ್ನು ನಾನೇ ಸಾಗಹಾಕುತ್ತಿದ್ದೇನೆಂದು ಗೊತ್ತಿತ್ತು. ಆದರೂ ಹಗ್ಗ ಬಿಗಿದೆ.

ಸುಧಾಕರನ ಹೆಂಡತಿ ವಿದ್ಯಾ ಹೇಳಿದಳು: "ಮೊದಲು ದೇವರನ್ನು ಇಡಿ ಅಣ್ಣ. ದೇವರು ಕೂತ ಮೇಲೆ ಉಳಿದದ್ದು." ನಾವೆಲ್ಲ ಕೈ ಮುಗಿದು ಮಂಟಪ, ದೀಪ, ಹಾಲುಕ್ಕಿಸುವ ಪಾತ್ರೆಯನ್ನು ಟ್ರೈಲರಿನ ಒಳತುದಿಗೆ ಇಟ್ಟು, ಅದರ ಮುಂದೆ ಹಾಸಿಗೆ, ಸೋಫಾ, ಅಕ್ಕಿ ಚೀಲ ಹೇರಿದೆವು. ಮೊದಲು ಹತ್ತಿದವರು ಕೊನೆಗೆ ಇಳಿಯಬೇಕೆಂದು ಇಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೋಟರ್‌ವೇಯಲ್ಲಿ ಟ್ರೈಲರ್ ಎಳೆಯುವವನು ಜೋರಾಗಿ ಹೋಗುವಂತಿಲ್ಲ. ಹಿಂದಿನಿಂದ ಲಾರಿಗಳು ತಳ್ಳಿದಂತೆ ಬರುತ್ತಿದ್ದರೆ, ಪಕ್ಕದಲ್ಲಿ ನನ್ನ ಹೆಂಡತಿ "ಗೃಹಪ್ರವೇಶದ ಮುಹೂರ್ತ ಮೀರ್ತದೆ ನೋಡಿ" ಎನ್ನುತ್ತಿದ್ದಳು.

ತಲುಪಿದಾಗ ಭಟ್ಟರು ಊರಿನಿಂದ ವಿಡಿಯೊ ಕಾಲ್‌ನಲ್ಲಿ ಕಾಯುತ್ತಿದ್ದರು. ನಾನು ಸೋಫಾದ ಒಂದು ಕಾಲು ಹೊಸ್ತಿಲ ಮೇಲಿಟ್ಟಿದ್ದೆ, ಅಷ್ಟೇ. "ದೇವರಿಗಿಂತ ಮೊದಲು ಒಂದು ಸಾಮಾನೂ ಒಳಗೆ ಬರ್ಬಾರ್ದು ಅಣ್ಣ" ಎಂದಳು ವಿದ್ಯಾ. ಸರಿ, ಇಡೀ ಸಂಸಾರ ಜಿಟಿಜಿಟಿ ಮಳೆಯಲ್ಲಿ ಫುಟ್‌ಪಾತಿನ ಮೇಲೆ ಇಳಿಯಿತು. ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಕೊಡೆ ಹಿಡಿದು ಬಂದು, ಇವರನ್ನು ಮನೆ ಬಿಡಿಸುತ್ತಿದ್ದಾರೆಯೇ ಎಂದು ಮರುಕದಿಂದ ನನ್ನನ್ನು ಕೇಳಿದಳು. ಏನೆಂದು ವಿವರಿಸಲಿ? ಹೌದೆಂದೆ.

ಕೊನೆಗೂ ಹಾಲು ಉಕ್ಕಿತು. ಒದ್ದೆ ಸೋಫಾ ಒಳಗೆ ಬಂತು. ಊಟಕ್ಕೆ ಅಲ್ಲಿನ ನಮ್ಮ ಕರಾವಳಿಯವರೆಲ್ಲ ಸೇರಿದ್ದರು. ಸುಧಾಕರ ನನ್ನ ಹೆಗಲ ಮೇಲೆ ಕೈ ಹಾಕಿ ಅವರಿಗೆ ಪರಿಚಯಿಸಿದ: "ಇವರೇ ನಾನು ಹೇಳಿದ ಟ್ರೈಲರ್‌ನವರು. ಭಾರಿ ಒಳ್ಳೆ ಜನ." ಕೂಡಲೇ ಒಬ್ಬರು ನನ್ನ ನಂಬರು ಕೇಳಿದರು. ಪಾಯಸದ ಲೋಟ ಬದಿಗಿಟ್ಟು ನಂಬರು ಕೊಟ್ಟೆ. ಇಷ್ಟು ವರ್ಷದ ಚಹಾಕ್ಕೆ ನನಗೊಂದು ಹೆಸರೂ ಉಳಿದಿರಲಿಲ್ಲ.

ಮರಳುವಾಗ ಹೆಂಡತಿ "ಬಿಡಿ, ಬಾಯಿ ತಪ್ಪಿ ಹೇಳಿದ್ದು" ಎಂದಳು. ಬಾಯಿ ತಪ್ಪಿದಾಗಲೇ ನಿಜ ಬರುವುದೆಂದು ನಾನು ಸುಧಾಕರನ ಜೊತೆ ಮಾತು ಬಿಟ್ಟೆ. ಕೊಕ್ಕೆ ಮುರಿದಿದೆ ಎಂದು ಊರಿಗೆಲ್ಲ ಸುಳ್ಳು ಹೇಳಿದೆ. ಜನ ಎಷ್ಟು ಸುಲಭವಾಗಿ ನಂಬಿದರೆಂದರೆ, ಫೋನು ಸದ್ದೇ ಮಾಡಲಿಲ್ಲ. ಬೆನ್ನುನೋವು ಕೇಳುವವರೂ ಇಲ್ಲ. ಸುಧಾಕರನದಂತೂ ಸುಳಿವೇ ಇಲ್ಲ. ಶನಿವಾರ ಸಂಜೆ ಚಹಾ ಹಿಡಿದು ಕುಳಿತರೆ ಮನೆ ತಿನ್ನಲು ಬರುತ್ತಿತ್ತು.

ಅಂಥದೊಂದು ಶನಿವಾರ, ಎರಡು ಮಾತು ಬೈದೇ ಬಿಡೋಣವೆಂದು ನಾನೇ ಅವನಿಗೆ ಫೋನ್ ಮಾಡಿದೆ. "ಹೇಳಿ ಮಾರಾಯ್ರೆ, ಸ್ವಲ್ಪ ಗಡಿಬಿಡಿ ಉಂಟು" ಎಂದ. ಬೈಗುಳ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಂದ ಬಂದದ್ದು ಬೇರೆ: "ಕಸದ ಟಿಪ್‌ಗೆ ಎಸೀಲಿಕ್ಕೆ ಹಳೆ ಸಾಮಾನು ಎಂತಾದ್ರೂ ಉಂಟಾ? ಟ್ರೈಲರ್ ತಕೊಂಡು ಬರ್ತೇನೆ."

"ಯಾವಾಗ ಬರ್ತೀರಿ?" ಎಂದು ಕೇಳಿದ ಸುಧಾಕರ. ದನಿಯಲ್ಲಿ ಎಂಥ ಪ್ರೀತಿ ಇತ್ತೆಂದರೆ, ನಾನು ಆಗಲೇ ಅಂಗಳಕ್ಕೆ ಹೋಗಿ ಟ್ರೈಲರಿನ ಟೈರುಗಳಿಗೆ ಗಾಳಿ ತುಂಬಿಸತೊಡಗಿದೆ.